ಉಂಡ ಮನೆಯ ಅನ್ಯಾಯವನ್ನು ಹೊರಗೆ ಹೇಳಬಹುದೋ?

ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದವರಾಗಿದ್ದೇವೆ. ಆ ಮಾತು ಒಳ್ಳೇದೇ. ಒಬ್ಬನ ಅನ್ನವನ್ನು ಉಂಡು, ಅವನ ಮಾಡಿನ ಕೆಳಗೆ ಮಲಗಿ, ಬಳಿಕ ಅವನ ಗುಟ್ಟನ್ನು ಸಂತೆಯಲ್ಲಿ ಸಾರುವವನನ್ನು ಯಾವ ಊರಿನವರೂ ನಂಬುವದಿಲ್ಲ. ಆದರೆ ಇತ್ತಲಾಗೆ ಈ ಒಳ್ಳೇ ಮಾತು ಬೇರೊಂದು ಕೆಲಸಕ್ಕೆ ಉಪಯೋಗವಾಗುತ್ತಿರುವದನ್ನು ಕಾಣುತ್ತೇವೆ. ನಮ್ಮ ಹಳ್ಳಿಗಳ ಯೌವನಸ್ಥರು ದುಬೈ, ದೋಹಾ, ಮಸ್ಕತ್, ಕುವೈತ್, ರಿಯಾದ್ ಮೊದಲಾದ ಪಟ್ಟಣಗಳಿಗೆ ಹೋಗಿ ದುಡಿಯುತ್ತಾರಷ್ಟೆ. ಅವರಲ್ಲಿ ಕೆಲವರು ತಮ್ಮ ಧಣಿಯು ಕೂಲಿಯವರ ಸಂಬಳವನ್ನು ತಿಂಗಳುಗಟ್ಟಲೆ ಹಿಡಿದಿಡುವದನ್ನೂ, ಅವಧಿ ಮೀರಿದ ಆಹಾರದ ಪೊಟ್ಟಣಗಳಿಗೆ ಹೊಸ ತಾರೀಖಿನ ಚೀಟಿ ಅಂಟಿಸಿ ಮಾರುವದನ್ನೂ, ಲೆಕ್ಕದ ಪುಸ್ತಕವನ್ನು ಎರಡು ವಿಧವಾಗಿ ಬರೆಸುವದನ್ನೂ ಕಣ್ಣಾರೆ ಕಾಣುತ್ತಾರೆ. ಕಂಡವನು ರಾತ್ರಿ ಮನೆಗೆ ಫೋನು ಮಾಡಿ, ಇಲ್ಲಿ ಹೀಗೆ ನಡೆಯುತ್ತಾ ಇದೆ, ನಾನೇನು ಮಾಡಲಿ ಎಂದು ಕೇಳುತ್ತಾನೆ. ಅದಕ್ಕೆ ತಾಯಿಯು, “ಊರ ಉಸಾಬರಿ ನಮಗ್ಯಾಕೆ ಮಗಾ? ಅವರ ಅನ್ನ ಉಣ್ಣುತ್ತಾ ಇದ್ದೀ, ಅವರ ದೇಶದಲ್ಲಿ ಇದ್ದೀ. ಉಂಡ ಮನೆಗೆ ಎರಡು ಬಗೆಯಬೇಡ, ನಿನ್ನ ಕೆಲಸ ನೋಡಿಕೋ,” ಅನ್ನುತ್ತಾಳೆ.

ಆ ತಾಯಿಯ ಮಾತಿನಲ್ಲಿ ಪ್ರೀತಿಯೂ ಭಯವೂ ಸಾಲದ ಲೆಕ್ಕವೂ ಕೂಡಿರುವದರಿಂದ ಅದನ್ನು ಹಗುರವಾಗಿ ತಳ್ಳಿಬಿಡಲು ನಮಗೆ ಮನಸ್ಸಿಲ್ಲ. ಆದರೂ ಅದರೊಳಗೆ ಎರಡು ವಾದಗಳು ಸೇರಿಕೊಂಡಿವೆ. ಅನ್ನ ಕೊಟ್ಟವನ ವಿಷಯವಾಗಿ ಬಾಯಿ ತೆರೆಯಕೂಡದೆಂಬದು ಒಂದು. ಪರದೇಶಸ್ಥನಿಗೆ ಆ ದೇಶದ ನ್ಯಾಯಾನ್ಯಾಯದ ಗೊಡವೆ ಸಲ್ಲದೆಂಬದು ಇನ್ನೊಂದು. ಇವೆರಡೂ ನಿಲ್ಲುತ್ತವೋ ಎಂದು ವಿಚಾರಿಸೋಣ.

ಮೊದಲನೆಯದಕ್ಕೆ ಉತ್ತರ ಕೊಡುವದು ಅಷ್ಟು ಕಷ್ಟವಲ್ಲ. ನೆಂಟನು ಉಣ್ಣುವ ಅನ್ನ ಬೇರೆ, ಕೂಲಿಯವನು ಉಣ್ಣುವ ಅನ್ನ ಬೇರೆ. ನೆಂಟನಿಗೆ ಬಡಿಸಿದ್ದು ಉಪಕಾರ. ಕೂಲಿಯವನಾದರೋ ತನ್ನ ಬೆವರನ್ನೇ ಉಣ್ಣುತ್ತಾನೆ. ಅವನು ಧಣಿಗೆ ಸಲ್ಲಿಸತಕ್ಕದ್ದು ನಂಬಿಗಸ್ತವಾದ ಕೆಲಸ. ಅದನ್ನು ಸಲ್ಲಿಸಿದ ಮೇಲೆ ಮೌನವೆಂಬ ಇನ್ನೊಂದು ತೆರಿಗೆಯನ್ನು ಅವನ ಮೇಲೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಧಣಿಯ ವ್ಯಾಪಾರದ ಗುಟ್ಟುಗಳನ್ನು, ಅಂದರೆ ಅವನು ಸರಕನ್ನು ಎಲ್ಲಿ ಕೊಳ್ಳುತ್ತಾನೆ, ಯಾವ ದರಕ್ಕೆ ಕೊಳ್ಳುತ್ತಾನೆ, ಅವನ ಗಿರಾಕಿಗಳು ಯಾರು ಎಂಬದನ್ನು ಕಾಪಾಡುವದು ಕೆಲಸಗಾರನ ಧರ್ಮವೇ. ಆದರೆ ಗುಟ್ಟು ಬೇರೆ, ಅನ್ಯಾಯ ಬೇರೆ. ಇದಲ್ಲದೆ ಉಂಡ ಮನೆ ಯಾವದು? ಅಂಗಡಿಯ ಧಣಿಯೊಬ್ಬನೇ ಮನೆಯಾದಾನೋ? ಆ ಅಂಗಡಿಯಲ್ಲಿ ಕೂಸಿಗೆ ಹಾಲಿನ ಪುಡಿ ಕೊಳ್ಳುವ ತಾಯಿಯ ದುಡ್ಡಿನಿಂದಲೂ, ಒಂದೇ ಕೋಣೆಯಲ್ಲಿ ಮಲಗುವ ಜೊತೆಗಾರರ ದುಡಿಮೆಯಿಂದಲೂ ಅಲ್ಲವೋ ಆ ಮನೆಯ ಒಲೆ ಉರಿಯುವದು? ಹಳಸಿದ್ದನ್ನು ಹೊಸತೆಂದು ಮಾರುವದನ್ನು ಕಂಡು ಸುಮ್ಮನಿರುವವನು ಉಂಡ ಮನೆಯ ಒಬ್ಬನನ್ನು ಕಾಯುವದಕ್ಕಾಗಿ ಆ ಮನೆಯ ನೂರು ಮಂದಿಗೆ ಎರಡು ಬಗೆಯುವವನಾಗುತ್ತಾನೆ.

ಎರಡನೆಯ ವಾದವು ಬಹಳ ಹಳೇದು. ತೆಕೋವದ ಆಮೋಸನ ಸಂಗತಿಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಅವನು ಯೆಹೂದ ಸೀಮೆಯ ಕುರಿಗಾಹಿ. ಅತ್ತಿಹಣ್ಣು ಕೂಡಿಸಿ ಬದುಕುವವನು. ಅವನು ಗಡಿ ದಾಟಿ ಉತ್ತರದ ರಾಜ್ಯದ ಬೇತೇಲಿಗೆ ಹೋಗಿ ಅಲ್ಲಿಯ ವರ್ತಕರ ವಿಷಯವಾಗಿ ಸಾರಿದನು. ಅವನು ಸಾರಿದ್ದು ಆಕಾಶದ ಸಂಗತಿಯಲ್ಲ, ಸಂತೆಯ ಸಂಗತಿ. ಸಬ್ಬತ್ತು ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆದೇವು ಎಂದು ಕಾಯುವದು, ಅಳತೆಯ ಕೊಳಗವನ್ನು ಕಿರಿದು ಮಾಡುವದು, ತೂಕದ ಕಲ್ಲನ್ನು ಹಿರಿದು ಮಾಡುವದು, ಗೋದಿಯ ಕಸವನ್ನು ಗೋದಿಯೆಂದು ಮಾರುವದು, ಇವೇ ಅವನ ದೂರು. ಅಲ್ಲಿಯ ಯಾಜಕನಾದ ಅಮಚ್ಯನು ಈ ದೂರು ಸುಳ್ಳೆಂದು ಹೇಳಲಿಲ್ಲ. ಅದನ್ನು ಗಮನಿಸಬೇಕು. ಅವನು ಅಂದದ್ದಿಷ್ಟೇ: ನಿನ್ನ ಊರಿಗೆ ಹೋಗು, ಅಲ್ಲಿ ಅನ್ನ ತಿನ್ನು, ಅಲ್ಲಿಯೇ ಮಾತಾಡು. ಪರದೇಶಸ್ಥನ ಬಾಯಿ ಮುಚ್ಚಿಸುವವರು ಅಂದಿನಿಂದ ಇಂದಿನ ವರೆಗೂ ಅನ್ನದ ಮಾತನ್ನೇ ಹಿಡಿಯುತ್ತಾರೆ. ತೂಕದ ಕಲ್ಲಿನ ಮಾತಿಗೆ ಬರುವದಿಲ್ಲ.

ಪರದೇಶಸ್ಥನು ಆ ದೇಶದ ರೀತಿನೀತಿಗಳನ್ನು ಚೆನ್ನಾಗಿ ತಿಳಿಯದೆ ತಪ್ಪುವ ಸಂಭವ ಉಂಟೆಂಬದು ಸತ್ಯವೇ. ನಮ್ಮ ಊರಿನಲ್ಲಿ ತಪ್ಪೆಂದು ಎಣಿಸುವದು ಅಲ್ಲಿ ವಾಡಿಕೆಯಾಗಿರಬಹುದು. ಆದರೆ ಕೂಲಿ ಕೊಡದಿರುವದೂ ವಿಷವನ್ನು ಆಹಾರವೆಂದು ಮಾರುವದೂ ಯಾವ ದೇಶದ ರೀತಿನೀತಿಯೂ ಅಲ್ಲ. ಕೊಲ್ಲಿಯ ಅರಬ್ ದೇಶಗಳ ಕಾನೂನುಗಳೇ ಅವನ್ನು ನಿಷೇಧಿಸುತ್ತವೆ.

ಈ ಪ್ರಶ್ನೆಯು ನಮ್ಮಂಥ ಒಂದು ಚಿಕ್ಕ ಮಿಶನ್ ಪತ್ರಿಕೆಯ ಮೂಲಕವೇ ಒಮ್ಮೆ ನ್ಯಾಯಸ್ಥಾನದ ಮುಂದೆ ಬಂತು. ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಆಫ್ರಿಕ ಖಂಡದ ಕಾಂಗೋ ದೇಶವು 1885ನೇ ಇಸವಿಯಿಂದ 1908ರ ವರೆಗೆ ಬೆಲ್ಜಿಯಮಿನ ಅರಸನಾದ ಎರಡನೆಯ ಲಿಯೋಪೋಲ್ಡನ ಸ್ವಂತ ಸೊತ್ತಿನಂತಿತ್ತು. ಸೈಕಲ್ಲಿಗೂ ಮೋಟಾರಿಗೂ ರಬ್ಬರಿನ ಚಕ್ರ ಬಂದ ಕಾಲವದು. ಅಲ್ಲಿಯ ಕಾಡುಬಳ್ಳಿಗಳಿಂದ ರಬ್ಬರು ತೆಗೆದು ತರಬೇಕೆಂದು ಜನರನ್ನು ಬಲಾತ್ಕಾರದಿಂದ ಅಟ್ಟುತ್ತಿದ್ದರು. ತಪ್ಪಿದವರ ಗ್ರಾಮಗಳನ್ನು ಸುಡುತ್ತಿದ್ದರು. ಕಾಸೈ ನದಿಯ ಸೀಮೆಯಲ್ಲಿ ಅಮೇರಿಕದ ದಕ್ಷಿಣ ಪ್ರೆಸ್ಬಿಟೀರಿಯನ್ ಸಭೆಯವರು 1891ರಲ್ಲಿ ಲುಯೆಬೊ ಎಂಬಲ್ಲಿ ಮಿಶನನ್ನು ಸ್ಥಾಪಿಸಿದ್ದರು. ಅದನ್ನು ಸ್ಥಾಪಿಸಿದ ಇಬ್ಬರಲ್ಲಿ ವಿಲ್ಯಮ್ ಶೆಪ್ಪರ್ಡ್ ಎಂಬವನು ಒಬ್ಬನು. ಇವನು ವರ್ಜೀನಿಯದಲ್ಲಿ 1865ರಲ್ಲಿ ಹುಟ್ಟಿದ ಕರಿಯ ಅಮೇರಿಕನು. ಸ್ವದೇಶದಲ್ಲಿ ಬಿಳಿಯರ ಸಂಗಡ ಒಂದೇ ರೈಲು ಡಬ್ಬಿಯಲ್ಲಿ ಕೂರುವ ಸ್ವಾತಂತ್ರ್ಯವಿಲ್ಲದ ಜನರೊಳಗಿನವನು ಪರದೇಶದಲ್ಲಿ ಬಿಳಿಯರ ದೊರೆತನದ ವಿಷಯವಾಗಿ ಸಾಕ್ಷಿ ಹೇಳಬೇಕಾಯಿತು.

1899ರಲ್ಲಿ, ಸರಕಾರಕ್ಕೆ ಕಪ್ಪ ವಸೂಲು ಮಾಡುವ ಆಯುಧಸ್ಥರು ಒಂದು ಸೀಮೆಯನ್ನು ಹಾಳು ಮಾಡುತ್ತಿದ್ದಾರೆಂಬ ಸುದ್ದಿ ಬಂದಾಗ, ಮಿಶನಿನವರು ಶೆಪ್ಪರ್ಡನನ್ನು ನೋಡಿ ಬರಲು ಕಳುಹಿಸಿದರು. ಅವನು ಅವರ ಪಾಳೆಯದೊಳಗೆ ಹೋಗಿ, ಬೆಂಕಿಯ ಮೇಲೆ ಹೊಗೆಗೆ ಇಟ್ಟಿದ್ದ ಮನುಷ್ಯರ ಬಲಗೈಗಳನ್ನು ಕಂಡನು. ಕಂಡು ಓಡಿಬರಲಿಲ್ಲ, ಎಣಿಸಿದನು. 81 ಇದ್ದವು. ಬಹಳ ಕೈಗಳಿದ್ದವೆಂದು ಬರೆದಿದ್ದರೆ ಅದು ಗಾಳಿಮಾತೆಂದು ತಳ್ಳಿಬಿಡುವದು ಸುಲಭವಾಗುತ್ತಿತ್ತು. 81 ಎಂಬ ಅಂಕೆಯನ್ನು ಯಾರೂ ತಳ್ಳಲಾರದೆ ಹೋದರು. ಅದು ಯೂರೋಪಿಗೂ ಅಮೇರಿಕಕ್ಕೂ ಹೋಗಿ, ಇಂದಿನ ವರೆಗೂ ಚರಿತ್ರೆಯ ಪುಸ್ತಕಗಳಲ್ಲಿ ನಿಂತಿದೆ.

ಆ ಬಳಿಕ ಕಾಸೈ ಕಂಪೆನಿಯೆಂಬ ವ್ಯಾಪಾರ ಸಂಘವು ಆ ಸೀಮೆಯ ರಬ್ಬರಿನ ವ್ಯಾಪಾರವನ್ನು ಹಿಡಿಯಿತು. 1908ರ ಜನವರಿಯಲ್ಲಿ ಶೆಪ್ಪರ್ಡನು ಮಿಶನಿನ ಚಿಕ್ಕ ಪತ್ರಿಕೆಯಾದ ಕಾಸೈ ಹೆರಾಲ್ಡಿನಲ್ಲಿ ಕೂಬಾ ಜನರ ಸ್ಥಿತಿಯನ್ನು ಬರೆದನು. ಒಳ್ಳೇ ಮನೆ ಕಟ್ಟಿ, ಹೊಲ ಮಾಡಿ, ಅಂದವಾದ ಬಟ್ಟೆ ನೇಯ್ದು ಬದುಕುತ್ತಿದ್ದ ಜನರನ್ನು ಆಯುಧ ಹಿಡಿದ ಕಾವಲುಗಾರರು ರಬ್ಬರಿಗಾಗಿ ಕಾಡಿಗೆ ಅಟ್ಟುತ್ತಾರೆ, ಕೊಡುವ ಕೂಲಿಯು ಊಟಕ್ಕೂ ಸಾಲದು, ಹೊಲಗಳು ಪೊದೆ ಬೆಳೆದು ಮನೆಗಳು ಕುಸಿಯುತ್ತಿವೆ ಎಂಬದೇ ಅದರ ತಾತ್ಪರ್ಯ. ಕಂಪೆನಿಯವರು ಬರೆದದ್ದನ್ನು ಹಿಂದೆಗೆಯಬೇಕೆಂದು ಕೇಳಿದರು. ಮಿಶನಿನವರು ಒಪ್ಪಲಿಲ್ಲ. ಕೊನೆಗೆ 1909ರಲ್ಲಿ ಶೆಪ್ಪರ್ಡನ ಮೇಲೆಯೂ ಪತ್ರಿಕೆಯ ಹೊಣೆ ಹೊತ್ತಿದ್ದ ವಿಲ್ಯಮ್ ಮಾರಿಸನ್ನನ ಮೇಲೆಯೂ ಮಾನನಷ್ಟದ ದಾವೆ ಹೂಡಿದರು. ನೂರಾರು ಮೈಲು ದೂರದ ಲಿಯೋಪೋಲ್ಡ್‌ವಿಲ್ಲಿನಲ್ಲಿ, ಅಂದರೆ ಈಗಿನ ಕಿನ್ಶಾಸದಲ್ಲಿ, ವಿಚಾರಣೆ ನಡೆಯಿತು. ಅವರ ಪರವಾಗಿ ವಾದಿಸುವದಕ್ಕೆ ಬೆಲ್ಜಿಯಮಿನಿಂದ ಬಂದವನು ಎಮಿಲ್ ವಾಂಡರ್‌ವೆಲ್ಡ್ ಎಂಬ ಸಮಾಜವಾದಿ ವಕೀಲನು. ಇವನು ಸಭೆಯ ವಿಶ್ವಾಸಿಯಲ್ಲ. ನ್ಯಾಯದ ಕಾರ್ಯದಲ್ಲಿ ನೆರವಾಗುವವನು ಯಾವ ಬಾಗಿಲಿನಿಂದ ಬರುತ್ತಾನೆಂದು ಮುಂದಾಗಿ ಹೇಳಲಾಗದು.

ಅಕ್ಟೋಬರ್ 4ರಂದು ತೀರ್ಪಾಯಿತು. ಶೆಪ್ಪರ್ಡನು ನಿರಪರಾಧಿ. ಆದರೆ ಯಾಕೆ? ಅವನು ಬರೆದದ್ದು ಸತ್ಯವೆಂದೋ? ಅಲ್ಲ. ಬರಹದಲ್ಲಿ ಕಾಸೈ ಕಂಪೆನಿಯ ಹೆಸರೇ ಇಲ್ಲ, ಆ ದೇಶದಲ್ಲಿ ಬೇರೆ ಕಂಪೆನಿಗಳೂ ಇವೆ, ಆದದರಿಂದ ಇದು ಇವರನ್ನೇ ಕುರಿತದ್ದೆಂದು ಹೇಳಲಾಗದು ಎಂಬದಾಗಿ ನ್ಯಾಯಾಧಿಪತಿಯು ಜಾಣತನದಿಂದ ನುಣುಚಿಕೊಂಡನು. ಪರದೇಶದ ನ್ಯಾಯಸ್ಥಾನಕ್ಕೆ ಹೋಗುವವರು ಇದನ್ನು ನೆನಪಿನಲ್ಲಿಡುವದು ಒಳ್ಳೇದು. ಸತ್ಯವನ್ನು ಹೇಳಿದವನಿಗೆ ಜಯ ಸಿಕ್ಕಿದರೂ ಆ ಜಯವು ಸತ್ಯದ ಹೆಸರಿನಲ್ಲಿಯೇ ಸಿಗುವದೆಂದು ಎಣಿಸಕೂಡದು.

ಈ ಚರಿತ್ರೆಯಲ್ಲಿ ಇನ್ನೆರಡು ಸಂಗತಿಗಳನ್ನು ಮುಚ್ಚಿಡುವದು ನಮಗೆ ಸರಿಯಾಗಿ ಕಾಣುವದಿಲ್ಲ. ಅಮೇರಿಕದಲ್ಲಿದ್ದ ಅವರ ಮಿಶನ್ ಕಮಿಟಿಯವರು ರಾಜಕೀಯ ಸಂಗತಿಗಳಲ್ಲಿ ಬಹು ಎಚ್ಚರಿಕೆಯಿಂದಿರಬೇಕು, ಅಧಿಕಾರಸ್ಥರಿಗೆ ಸಲ್ಲತಕ್ಕ ಮರ್ಯಾದೆ ಸಲ್ಲಿಸಬೇಕು ಎಂದು ಅವರಿಗೆ ಬುದ್ಧಿ ಹೇಳುತ್ತಿದ್ದರು. ಸಮುದ್ರದಾಚೆ ಕೂತವರ ಬುದ್ಧಿವಾದವು ಯಾವಾಗಲೂ ಹೀಗೆಯೇ ಇರುವದು. ಎರಡನೆಯದು, ಶೆಪ್ಪರ್ಡನು ತನ್ನ ನಡತೆಯಲ್ಲಿ ಬಿದ್ದವನಾಗಿ 1910ರಲ್ಲಿ ಕಾಂಗೋವನ್ನು ಬಿಡಬೇಕಾಯಿತು. ತನ್ನ ತಪ್ಪನ್ನು ಒಪ್ಪಿಕೊಂಡು, ಶಿಕ್ಷಣಕ್ಕೆ ಒಳಗಾಗಿ, ಮುಂದೆ ಲೂಯಿವಿಲ್ಲಿನಲ್ಲಿ ಸಭಾಪಾಲಕನಾಗಿ ಸೇವೆ ಮಾಡಿ 1927ರಲ್ಲಿ ತೀರಿಕೊಂಡನು. ದೂರು ಹೇಳಿದವನ ಬಾಳಿನಲ್ಲಿ ಕಲೆ ಹುಡುಕುವದು ಅನ್ಯಾಯ ಮಾಡುವವರ ಮೊದಲನೆಯ ಕೆಲಸ. ಕಲೆ ಸಿಕ್ಕೀತು, ಸಿಕ್ಕದವರು ಯಾರಿದ್ದಾರೆ? ಆದರೂ ಕೈಗಳು 81 ಆಗಿದ್ದವು. ನಾನು ಪರಿಶುದ್ಧನಲ್ಲವಲ್ಲ, ನಾನು ಹೇಗೆ ಮತ್ತೊಬ್ಬನ ಮೇಲೆ ಹೇಳಲಿ ಎಂದು ಕುಗ್ಗುವ ಯೌವನಸ್ಥರು ಇದನ್ನು ಯೋಚಿಸಲಿ. ಸಾಕ್ಷಿಗೆ ಬೇಕಾದದ್ದು ಕಂಡದ್ದನ್ನು ಕಂಡಷ್ಟೇ ಹೇಳುವ ನಾಲಿಗೆ.

ಇಲ್ಲಿ ವಾಚಕರಲ್ಲಿ ಒಬ್ಬರು ಹೀಗೆ ಕೇಳಾರು: ಶೆಪ್ಪರ್ಡನಿಗೆ ಹಿಂದೆ ಮಿಶನಿತ್ತು, ಅವನ ದೇಶದ ಕಾನ್ಸಲನು ಇದ್ದನು. ನಮ್ಮ ಹುಡುಗನಿಗೆ ಯಾರಿದ್ದಾರೆ? ಇದು ನ್ಯಾಯವಾದ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದ ಕೀಲು ಇದರಲ್ಲಿಯೇ ಇದೆ. ಅನ್ಯಾಯವನ್ನು ತಿಳಿಸುವ ಋಣವು ಕಂಡವರೆಲ್ಲರ ಮೇಲೆಯೂ ಇದೆ. ಆದರೆ ಅದರ ಭಾರವು ಎಲ್ಲರ ಮೇಲೆಯೂ ಒಂದೇ ಸಮವಲ್ಲ. ಯಾವನು ಬಾಗಿಲು ತೆರೆದು ಹೊರಗೆ ಹೋಗಬಲ್ಲನೋ ಅವನ ಮೇಲೆ ಹೆಚ್ಚು, ಯಾವನ ಬಾಗಿಲಿಗೆ ಹೊರಗಿನಿಂದ ಬೀಗವಿದೆಯೋ ಅವನ ಮೇಲೆ ಕಡಿಮೆ.

ಜಪಾನ್ ದೇಶದಲ್ಲಿ 2011ರಲ್ಲಿ ನಡೆದದ್ದು ಇದಕ್ಕೆ ಒಳ್ಳೇ ಉದಾಹರಣೆ. ಕೆಮರಾಗಳನ್ನೂ ವೈದ್ಯರ ಉಪಕರಣಗಳನ್ನೂ ಮಾಡುವ ಒಲಿಂಪಸ್ ಕಂಪೆನಿಯು ಸುಮಾರು 170 ಕೋಟಿ ಡಾಲರಿನಷ್ಟು ನಷ್ಟವನ್ನು ಅನೇಕ ವರುಷಗಳ ಕಾಲ ಲೆಕ್ಕದಲ್ಲಿ ಬಚ್ಚಿಟ್ಟಿತ್ತು. ಇದನ್ನು ಮೊದಲು ಪ್ರಕಟಿಸಿದ್ದು ಜಪಾನಿನದೇ ಒಂದು ಮಾಸಪತ್ರಿಕೆ. ಅದಕ್ಕೆ ಸುಳಿವು ಕೊಟ್ಟವನು ಕಂಪೆನಿಯ ಒಳಗಿನವನು. ಅವನು ಬಹಿರಂಗವಾಗಿ ಮುಂದೆ ಬರಲಿಲ್ಲ. ಆ ವರುಷವೇ ಅಧ್ಯಕ್ಷನಾಗಿ ಬಂದ ಮೈಕೆಲ್ ವುಡ್‌ಫೋರ್ಡ್ ಎಂಬ ಇಂಗ್ಲೆಂಡಿನವನು ಅದನ್ನು ಓದಿಸಿ ಕೇಳಿ, ಹಿರಿಯರನ್ನು ಪ್ರಶ್ನಿಸಿದನು. ಅಕ್ಟೋಬರ್ 14ರಂದು ಅವನನ್ನು ಕೆಲಸದಿಂದ ತೆಗೆದುಹಾಕಿದರು. ಅವನಿಗೆ ಜಪಾನಿನ ರೀತಿ ತಿಳಿಯದೆಂಬದು ಅವರು ಕೊಟ್ಟ ಕಾರಣ. ಅಮಚ್ಯನ ಮಾತು ನೆನಪಿಗೆ ಬರುತ್ತದಲ್ಲವೇ? ಅವನು ಕಾಗದಪತ್ರಗಳನ್ನು ಒಬ್ಬ ವರದಿಗಾರನಿಗೆ ಒಪ್ಪಿಸಿ ಅಂದೇ ವಿಮಾನ ಹತ್ತಿದನು. ಮುಂದಿನ ತಿಂಗಳು ಕಂಪೆನಿಯವರು ತಪ್ಪನ್ನು ಒಪ್ಪಿದರು. 2013ರಲ್ಲಿ ಹಿಂದಿನ ಅಧ್ಯಕ್ಷನಿಗೂ ಬೇರೆ ಕೆಲವರಿಗೂ ಶಿಕ್ಷೆಯ ತೀರ್ಪಾಯಿತು. ಹೋಗಲಾರದವನು ಪಿಸುಮಾತಿನಲ್ಲಿ ಹೇಳಿದನು, ಹೋಗಬಲ್ಲವನು ಗಟ್ಟಿಯಾಗಿ ಹೇಳಿದನು. ಇಬ್ಬರಲ್ಲಿ ಯಾರನ್ನೂ ನಾವು ಹೇಡಿ ಅನ್ನುವದಿಲ್ಲ.

ಕೊಲ್ಲಿ ದೇಶಗಳಲ್ಲಿ ನಮ್ಮವರ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುವದು ಹೇಗೆಂದು ನಮ್ಮ ಹಿರಿಯರಿಗೆ ತಿಳಿಸಿ ಹೇಳಬೇಕಾದರೆ ಘಟ್ಟದ ಕಾಫಿ ತೋಟಗಳನ್ನು ನೆನಪಿಸಿದರೆ ಸಾಕು. 1859ನೇ ಇಸವಿಯ 13ನೇ ಆಕ್ಟಿನ ಪ್ರಕಾರ, ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡ ಆಳು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟನ ಮುಂದೆ ಅಪರಾಧಿಯಾಗುತ್ತಿದ್ದನು. ಹಣ ತಿರುಗಿ ಕೊಡದೆ, ಕೆಲಸಕ್ಕೂ ಹೋಗದೆ ಇದ್ದರೆ ಮೂರು ತಿಂಗಳ ವರೆಗೆ ಸೆರೆ. ಕೆಳಗಿನ ಸೀಮೆಯಿಂದ ಕೊಡಗಿಗೂ ಮೈಸೂರು ಮಲೆನಾಡಿಗೂ ಹೋದ ಆಳುಗಳು ಈ ಕಾನೂನಿನ ಕೆಳಗೆ ದುಡಿದವರು. ಅದನ್ನು ರದ್ದು ಮಾಡುವ ಕಾನೂನು 1925ರಲ್ಲಿ ಬಂತು. ಕೊಲ್ಲಿ ದೇಶಗಳ ಕಫಾಲಾ ಎಂಬ ಪದ್ಧತಿಯೂ ಇದೇ ಜಾತಿಯದು. ಕೂಲಿಯವನ ವೀಸಾ ಧಣಿಯ ಹೆಸರಿಗೆ ಕಟ್ಟಿರುತ್ತದೆ. ಧಣಿಯು ಇವನು ಓಡಿಹೋದನೆಂದು ಬರೆಸಿದರೆ, ಸಂಬಳ ಕೇಳಿದವನೇ ತಪ್ಪಿತಸ್ಥನಾಗಿ ಸೆರೆಗೂ ಗಡಿಪಾರಿಗೂ ಈಡಾಗಬಹುದು. ಸೌದಿಯಲ್ಲಿ ಇದಕ್ಕೆ ಹುರೂಬ್ ಅನ್ನುತ್ತಾರೆ. ಪಾಸ್‌ಪೋರ್ಟನ್ನು ಧಣಿಯು ತನ್ನ ಪೆಟ್ಟಿಗೆಯಲ್ಲಿಟ್ಟುಕೊಳ್ಳುವದು ಆ ದೇಶಗಳ ಕಾನೂನಿಗೆ ವಿರೋಧವಾದರೂ ಅಂಥ ಧಣಿಗಳಿಗೆ ಕೊರತೆಯಿಲ್ಲ.

ಈಚೆಗೆ ಈ ಬೀಗಗಳು ಸ್ವಲ್ಪ ಸಡಿಲವಾಗಿವೆಯೆಂದು ಹೇಳುವದೂ ನ್ಯಾಯ. ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಬೇಕೆಂಬ ಏರ್ಪಾಡು ದುಬೈ ಮೊದಲಾದ ಎಮಿರೇಟುಗಳಲ್ಲಿ 2009ರಲ್ಲಿ ಬಂತು. ಕತಾರಿನಲ್ಲಿ ದೇಶ ಬಿಡಲು ಧಣಿಯ ಅಪ್ಪಣೆ ಬೇಕೆಂಬ ನಿಯಮವನ್ನು ಬಹುಮಂದಿಯ ವಿಷಯದಲ್ಲಿ 2018ರಲ್ಲಿಯೂ, ಕೆಲಸ ಬದಲಿಸಲು ಅಪ್ಪಣೆ ಬೇಕೆಂಬದನ್ನು 2020ರಲ್ಲಿಯೂ ತೆಗೆದುಹಾಕಿದರು. ಆದರೂ ಅದೇ ಕತಾರಿನಲ್ಲಿ 2021ರ ಮೇ ತಿಂಗಳಲ್ಲಿ ಮಾಲ್ಕಮ್ ಬಿಡಾಲಿ ಎಂಬ ಕೆನ್ಯ ದೇಶದ ಕಾವಲುಗಾರನನ್ನು ಹಿಡಿದರು. ತನ್ನಂಥ ಕೆಲಸಗಾರರ ಸ್ಥಿತಿಯನ್ನು ಬೇರೆ ಹೆಸರಿನಲ್ಲಿ ಬರೆದು ಪ್ರಕಟಿಸುತ್ತಿದ್ದದ್ದೇ ಅವನ ಕೆಲಸ. ಸುಳ್ಳು ಸುದ್ದಿ ಹಬ್ಬಿಸಿದನೆಂದು 25,000 ರಿಯಾಲು ದಂಡ ಹಾಕಿದರು. ಆಗಸ್ಟಿನಲ್ಲಿ ಅವನು ಆ ದೇಶವನ್ನು ಬಿಟ್ಟನು. ಎಮಿರೇಟುಗಳ 2021ರ ಕಾನೂನಿನ ಪ್ರಕಾರವೂ ಒಬ್ಬನ ಚಿತ್ರವನ್ನೋ ಸಂಗತಿಯನ್ನೋ ಅವನಿಗೆ ಕೇಡಾಗಲೆಂದು ಮೊಬೈಲಿನಲ್ಲಿ ಹರಡಿದರೆ, ಅದು ಸತ್ಯವಾಗಿದ್ದರೂ ಅಪರಾಧವಾಗಬಹುದು.

ಆದಕಾರಣ ಎಲ್ಲಿ ಹೇಳುವದೆಂಬದು ಏನು ಹೇಳುವದೆಂಬಷ್ಟೇ ದೊಡ್ಡ ಪ್ರಶ್ನೆ. ಕೋಪ ಬಂದ ರಾತ್ರಿ ವಾಟ್ಸಪ್ಪಿನಲ್ಲಿ ಚಿತ್ರ ಹಾಕಿ ಧಣಿಯನ್ನು ಬೈಯುವವನು ಅನ್ಯಾಯವನ್ನು ತಿಳಿಸಿದವನಲ್ಲ, ತನ್ನ ಕೈಯಿಂದಲೇ ಧಣಿಗೆ ಆಯುಧ ಕೊಟ್ಟವನು. ಆ ದೇಶದ ಕಾರ್ಮಿಕ ಇಲಾಖೆಗೆ ದೂರು ಕೊಡುವದು ಅಪರಾಧವಲ್ಲ. ನಮ್ಮ ಸರಕಾರದ ರಾಯಭಾರ ಕಚೇರಿಗೂ, 2015ರಲ್ಲಿ ಆರಂಭವಾದ ಮದದ್ ಎಂಬ ದೂರಿನ ಏರ್ಪಾಡಿಗೂ ಬರೆಯಬಹುದು. ಕಷ್ಟದಲ್ಲಿ ಸಿಕ್ಕಿದವರಿಗೆ ಉಳಿಯುವ ಸ್ಥಳವನ್ನೂ ವಕೀಲನನ್ನೂ ಊರಿಗೆ ಬರುವ ಟಿಕೇಟನ್ನೂ ಒದಗಿಸಲು 2009ರಲ್ಲಿ ಏರ್ಪಟ್ಟ ಭಾರತೀಯ ಸಮುದಾಯ ಕ್ಷೇಮನಿಧಿ ಎಂಬದು ರಾಯಭಾರ ಕಚೇರಿಯಲ್ಲಿದೆ. ಕೆಲಸದ ಕರಾರಿನ, ಸಂಬಳದ ಚೀಟಿಗಳ, ಪಾಸ್‌ಪೋರ್ಟಿನ ಪ್ರತಿಗಳು ಮೊದಲೇ ಊರಿನ ಮನೆಯಲ್ಲಿ ಇರಲಿ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಪೊಟ್ಟಣ ಎಂದು ಬರೆದಿಡುವದನ್ನು ಶೆಪ್ಪರ್ಡನಿಂದ ಕಲಿಯತಕ್ಕದ್ದು.

ತಪ್ಪು ಮಾಡಿದವನಿಗೆ ಮೊದಲು ಒಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಇಬ್ಬರನ್ನು ಕರಕೊಂಡು ಹೋಗು ಎಂಬ ಕರ್ತನ ಕ್ರಮವನ್ನು ಇಲ್ಲಿಯೂ ಅನುಸರಿಸಬೇಕಲ್ಲವೋ ಎಂದು ಕೆಲವು ಭಕ್ತಿವಂತರು ಕೇಳುವದುಂಟು. ಅದು ಸಹೋದರ ಸಹೋದರರ ನಡುವಣ ಕ್ರಮ. ಇಬ್ಬರೂ ಒಂದೇ ಹಾಸಿನ ಮೇಲೆ ಕೂರಬಲ್ಲವರಾಗಿರುವಲ್ಲಿ ಅದು ಸಲ್ಲುವದು. ಒಬ್ಬನ ಪಾಸ್‌ಪೋರ್ಟು ಇನ್ನೊಬ್ಬನ ಪೆಟ್ಟಿಗೆಯಲ್ಲಿರುವಾಗ, ನಾನು ನಿನ್ನ ಮೇಲೆ ದೂರು ಕೊಡಲಿದ್ದೇನೆಂದು ಮುಂದಾಗಿ ಎಚ್ಚರಿಸುವ ಹಂಗು ಕೂಲಿಯವನಿಗೆ ಇಲ್ಲವೆಂದೇ ನಾವು ಎಣಿಸುತ್ತೇವೆ. ಸಮಾನ ಸ್ಥಿತಿಯಲ್ಲಿರುವ ಮೇಲ್ವಿಚಾರಕನೋ ಲೆಕ್ಕಿಗನೋ ಆದರೆ ಮೊದಲು ಧಣಿಯನ್ನೇ ಕೇಳಲಿ. ಒಮ್ಮೊಮ್ಮೆ ಧಣಿಗೆ ತಿಳಿಯದೆ ಕೆಳಗಿನವರು ಮಾಡಿದ ಮೋಸವೂ ಇರುತ್ತದೆ.

ಇನ್ನು, ಹೇಳುವದು ಬೇರೆ, ಮಾಡದಿರುವದು ಬೇರೆ. ಬೀಗದೊಳಗಿರುವವನು ಹೇಳದೆ ಇದ್ದರೆ ನಾವು ತೀರ್ಪು ಮಾಡುವದಿಲ್ಲ. ಆದರೆ ಹೊಸ ತಾರೀಖಿನ ಚೀಟಿಯನ್ನು ಅಂಟಿಸುವ ಕೈ ಅವನದೇ ಆಗಿದ್ದರೆ? ಈ ಕೆಲಸ ನನ್ನಿಂದಾಗದು, ಬೇರೆ ಕೆಲಸ ಕೊಡಿ ಅನ್ನುವಷ್ಟು ಸ್ಥಳ ಬಹುಮಟ್ಟಿಗೆ ಎಲ್ಲಿಯೂ ಇದೆ. ಆ ಸ್ಥಳವೂ ಇಲ್ಲದವರಿದ್ದಾರೆಂದು ಬಲ್ಲೆವು. ಮನೆಗೆಲಸಕ್ಕೆ ಹೋಗಿ ಹೊರಗಿನ ಬಾಗಿಲನ್ನೇ ಕಾಣದ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಈ ಎಲ್ಲಾ ವಿಚಾರವೂ ಬಾಯಿಯ ಮಾತಾಗಿಯೇ ಉಳಿಯುವದು. ಅವರ ಪರವಾಗಿ ಬರೆಯತಕ್ಕವರು ಇಲ್ಲಿರುವವರು.

ಇಲ್ಲಿರುವವರು ಅಂದೆವಷ್ಟೆ. ಸ್ವದೇಶದಲ್ಲಿ ಕೂತ ನಮಗಿಂತ ಹೆಚ್ಚು ಸ್ವತಂತ್ರರು ಈ ಕಾರ್ಯದಲ್ಲಿ ಯಾರಿದ್ದಾರೆ? ನಮ್ಮ ಪಾಸ್‌ಪೋರ್ಟನ್ನು ಯಾರೂ ಹಿಡಿದಿಟ್ಟಿಲ್ಲ. ಹೀಗಿರಲಾಗಿ ಸುಮ್ಮನಿರು ಎಂದು ಹೇಳುವವರು ನಾವೇ ಆಗಿದ್ದೇವೆ. ಯಾಕಂದರೆ ಹುಡುಗನು ಹೊರಡುವಾಗ ಮಾಡಿದ ಸಾಲ ನಮ್ಮ ಮನೆಯ ಮೇಲಿದೆ. ಈ ಸಾಲ ಎಲ್ಲಿಂದ ಬಂತು? ಅನ್ಯಾಯದ ವ್ಯಾಪಾರವು ದೋಹಾದಲ್ಲಿಯೋ ರಿಯಾದಿನಲ್ಲಿಯೋ ಹುಟ್ಟಿತೆಂದು ಎಣಿಸಬಾರದು. ಅದರ ಒಂದು ಕವಲು ನಮ್ಮ ಅಂಗಳದಲ್ಲಿಯೇ ಇದೆ. 1983ರ ವಲಸೆ ಕಾನೂನಿನ ಪ್ರಕಾರ ಸರಕಾರದಲ್ಲಿ ನೋಂದಾಯಿಸಿಕೊಂಡವನು ಹೊರತು ಬೇರೆ ಯಾರೂ ಪರದೇಶದ ಕೆಲಸಕ್ಕೆ ಜನರನ್ನು ಕಳುಹಿಸಕೂಡದು. ನೋಂದಾಯಿಸಿದವನೂ ತನ್ನ ಸೇವೆಗೆ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳಕೂಡದು. ತೆಗೆದುಕೊಂಡದ್ದಕ್ಕೆ ರಶೀದಿ ಕೊಡಬೇಕು. ನಮ್ಮ ಊರುಗಳಲ್ಲಿ ಲಕ್ಷಗಟ್ಟಲೆ ಹಣವನ್ನು ರಶೀದಿಯಿಲ್ಲದೆ ಎಣಿಸಿಕೊಳ್ಳುವವನು ಯಾರು? ಅವನು ದೂರದವನಲ್ಲ. ಮದುವೆಗೆ ಬಂದು ಮೊದಲ ಪಂಕ್ತಿಯಲ್ಲಿ ಕೂರುವವನು, ಬೆಳೆಹಬ್ಬದ ಏಲಮಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗಿ ಎಲ್ಲರಿಂದ ಶಹಬಾಸು ಅನ್ನಿಸಿಕೊಳ್ಳುವವನು. ಅಲ್ಲಿ ಸಂಬಳ 1,500 ಎಂದು ಹೇಳಿ ಕಳುಹಿಸಿ, ಇಳಿದ ಮೇಲೆ 900ರ ಕರಾರಿಗೆ ಸಹಿ ಹಾಕಿಸುವ ಧಣಿಗೆ ಇವನೇ ಬಲಗೈ. ಇವನ ಮೇಲೆ ಬರೆಯುವದಕ್ಕೆ ಅರಬಿ ಭಾಷೆ ಬೇಡ, ವಿಮಾನ ಬೇಡ. ಇವನ ನೋಂದಣಿ ಉಂಟೋ ಇಲ್ಲವೋ ಎಂದು ಸರಕಾರದ ಪಟ್ಟಿಯಲ್ಲಿ ನೋಡಿ, ವಲಸೆಗಾರರ ರಕ್ಷಣಾಧಿಕಾರಿಗೂ ಪೊಲೀಸರಿಗೂ ಒಂದು ಅರ್ಜಿ ಕೊಟ್ಟರೆ ಸಾಕು. ಆದರೂ ಎಷ್ಟು ಮಂದಿ ಕೊಟ್ಟಿದ್ದಾರೆ? ಪರದೇಶದಲ್ಲಿ ಒಂಟಿಯಾಗಿರುವ ಹುಡುಗನಿಂದ ನಾವು ಧೈರ್ಯವನ್ನು ನಿರೀಕ್ಷಿಸುವಾಗ, ಸ್ವಂತ ಊರಿನಲ್ಲಿ ನೆಂಟರಿಷ್ಟರ ನಡುವೆ ಇರುವ ನಾವು ದಾಕ್ಷಿಣ್ಯದಿಂದ ಬಾಯಿ ಮುಚ್ಚಿಕೊಂಡಿರುತ್ತೇವೆ.

ಕೊನೆಗೆ ಸಭೆಗಳ ಹಿರಿಯರ ಮುಂದೆ ಒಂದು ಕಾರ್ಯವನ್ನು ಇಡುತ್ತೇವೆ. ಕಂಡ ಅನ್ಯಾಯವನ್ನು ತಿಳಿಸಿದ್ದಕ್ಕಾಗಿ ಕೆಲಸ ಕಳಕೊಂಡು ಬರುವವನಿಗೆ ಮೊದಲು ಬಾಗಿಲಿಗೆ ಬರುವವನು ಸಾಲ ಕೊಟ್ಟವನು. ಕ್ಷೇಮನಿಧಿಯನ್ನು ಇಟ್ಟಿರುವ ಸಭೆಗಳು ಅಂಥವನ ಸಾಲದ ಬಡ್ಡಿಯನ್ನು ಆರು ತಿಂಗಳ ಮಟ್ಟಿಗೆ ಹೊರುವದಾಗಿ ಮುಂದಾಗಿ ಗೊತ್ತುಮಾಡಿ, ಅದನ್ನು ಹೊರಡುವವರಿಗೆ ಹೊರಡುವ ಮುಂಚೆಯೇ ತಿಳಿಸಿದರೆ, ರಾತ್ರಿ ಫೋನು ಬಂದಾಗ ತಾಯಿಯು ಬೇರೆ ಉತ್ತರ ಕೊಡುವದಕ್ಕೆ ಸ್ಥಳವಾಗುವದು. ನಿಧಿ ಚಿಕ್ಕದಾಗಿರುವಲ್ಲಿ ನೆರೆಯ ಎರಡು ಮೂರು ಸಭೆಗಳು ಕೂಡಬಹುದು. ಪ್ರತಿಯೊಂದು ಸಭೆಯಿಂದ ಎಷ್ಟು ಮಂದಿ ಪರದೇಶದಲ್ಲಿದ್ದಾರೆ, ಯಾರ ಮೂಲಕ ಹೋದರು, ಎಷ್ಟು ಕೊಟ್ಟು ಹೋದರು ಎಂಬ ಪಟ್ಟಿಯನ್ನು ಮೊದಲು ಬರೆಯಬೇಕಾದೀತು. ಬರುವ ಸಭಾಕೂಟದಲ್ಲಿ ಈ ಪಟ್ಟಿಯಿಂದಲೇ ಆರಂಭಿಸಬಹುದು.